ಆಶಾ ವಾಹನದ ಅಡ್ಡಗೆರೆ

ವೆಬ್‌ಸೈಟಿನ ಹೆಸರಿನ ಮಧ್ಯೆ ಅಡ್ಡಗೆರೆ ಇದ್ದರೆ ಅದು ಸರ್ಚ್‌ನಲ್ಲಿ ಕೆಳಗೆ ಬೀಳುತ್ತದೆಯೇ? ವೆಬ್‌ಸೈಟ್ ಮಾಡುವ ಕೆಲಸಕ್ಕೆ ಹೊಸದಾಗಿ ಸೇರಿದವರು ನನಗೆ ಈಗಲೂ ಫೋನ್ ಮಾಡಿ ಕೇಳುವ ಪ್ರಶ್ನೆ ಇದು. ಬೀಳುವುದಿಲ್ಲ ಎಂದು ಒಂದೇ ಮಾತಿನಲ್ಲಿ ಹೇಳಿ ಫೋನ್ ಇಟ್ಟುಬಿಡಬಹುದು. ಉತ್ತರ ನಿಜವೂ ಹೌದು. ಆದರೆ ಅಷ್ಟಕ್ಕೇ ಫೋನ್ ಇಡಲು ನನಗೆ ಮನಸ್ಸಾಗುವುದಿಲ್ಲ. ಒಂದು ಅಡ್ಡಗೆರೆ ತೆಗೆದದ್ದರಿಂದ ಏನಾಯಿತು ಎಂಬುದನ್ನು ಹತ್ತಿರದಿಂದ ನೋಡಿದವಳು ನಾನು. ಕೆಲಸ ಬಿಟ್ಟು ಮನೆಯಲ್ಲಿ ಕೂತ ಮೇಲೂ ಆ ಗಾಬರಿ ಪೂರ್ತಿ ಇಳಿದಿಲ್ಲ.

ನನ್ನ ಹೆಸರು ಶಮೀಮ್. ದೊಡ್ಡಬಳ್ಳಾಪುರದ ಹಳೇ ಬಸ್ ಸ್ಟ್ಯಾಂಡಿನ ಹತ್ತಿರ ಮೂರ್ತಿ ಸಾರ್ ಅವರ ಟೈಪಿಂಗ್ ಇನ್‌ಸ್ಟಿಟ್ಯೂಟ್ ಇತ್ತು. ಕಲಿಯಲು ಹೋದವಳು ಅಲ್ಲೇ ಕೆಲಸಕ್ಕೆ ನಿಂತೆ. ಟೈಪ್‌ರೈಟರ್ ಹೋಗಿ ಕಂಪ್ಯೂಟರ್ ಬಂತು. ಲಗ್ನಪತ್ರಿಕೆ ಮಾಡುವ ಡಿಟಿಪಿ ಬಂತು. ಅದರ ಹಿಂದೆ ವೆಬ್‌ಸೈಟ್ ಬಂತು. ಹೊರಗಿನ ಬೋರ್ಡು ಮೂರು ಸಲ ಬದಲಾಯಿತು, ನನ್ನ ಕುರ್ಚಿ ಮಾತ್ರ ಕಿಟಕಿಯ ಪಕ್ಕದಲ್ಲೇ ಉಳಿಯಿತು. ಮನೆಯಲ್ಲಿ ದಖನಿ ಉರ್ದು, ಗಿರಾಕಿಗಳ ಜೊತೆ ಕನ್ನಡ, ಯಂತ್ರದ ಜೊತೆ ಇಂಗ್ಲಿಷ್. ಹೀಗೆ ಮೂರು ಭಾಷೆಗಳ ನಡುವೆ ನನ್ನ ದುಡಿಮೆಯ ಕಾಲ ಕಳೆಯಿತು.

ಮೂರ್ತಿ ಸಾರ್ ಒಳ್ಳೆಯ ಮನುಷ್ಯ. ರಂಜಾನ್ ತಿಂಗಳಲ್ಲಿ ಕೇಳುವ ಮೊದಲೇ ನನ್ನನ್ನು ಬೇಗ ಮನೆಗೆ ಕಳಿಸುತ್ತಿದ್ದರು. ಅವರಲ್ಲಿ ಇದ್ದದ್ದು ಒಂದೇ ದೌರ್ಬಲ್ಯ. ಬೆಂಗಳೂರಿನಿಂದ ಬಂದವನು ಏನು ಹೇಳಿದರೂ ಅದೇ ವೇದವಾಕ್ಯ. ವೆಬ್‌ಸೈಟ್ ಕೆಲಸ ಶುರುವಾದ ಹೊಸದರಲ್ಲಿ ಯಾರೋ ಅವರಿಗೆ, ಜನ ಹುಡುಕುವ ಪದಗಳನ್ನೆಲ್ಲ ಹೆಸರಿನಲ್ಲೇ ತುಂಬಿ ನಡುವೆ ಅಡ್ಡಗೆರೆ ಹಾಕಿದರೆ ಸರ್ಚ್‌ನಲ್ಲಿ ಮೊದಲ ಜಾಗ ಖಚಿತ ಎಂದು ಹೇಳಿದ್ದರು. ಸಾರ್ ಬಂದವರಿಗೆಲ್ಲ ರೈಲು ಬೋಗಿಯಂಥ ಹೆಸರುಗಳನ್ನು ಕಟ್ಟತೊಡಗಿದರು.

ಮಗ್ಗ ಇಟ್ಟುಕೊಂಡು ರೇಷ್ಮೆ ಸೀರೆ ನೇಯಿಸುತ್ತಿದ್ದ ಗಂಗಾಧರಪ್ಪನವರಿಗೆ ಸಿಕ್ಕ ಹೆಸರಿನಲ್ಲಿ ಊರು, ರೇಷ್ಮೆ, ಸೀರೆ, ಕಡಿಮೆ, ಬೆಲೆ ಎಲ್ಲವೂ ಇತ್ತು. ಪ್ರತಿ ಪದದ ನಡುವೆ ಒಂದು ಗೆರೆ. ಒಂದು ದಿನ ಅವರು ಬಂದು ನನ್ನ ಮೇಜಿನ ಮುಂದೆ ಕೂತರು.

“ಏನಮ್ಮಾ ಶಮೀಮು, ಈ ಹೆಸ್ರು ನಾನು ಫೋನಲ್ಲಿ ಹೆಂಗ್ ಹೇಳ್ಲಿ? ಹಿಂದೂಪುರದ ಪಾರ್ಟಿಗೆ ಮಧ್ಯ ಮಧ್ಯ ಡ್ಯಾಶ್ ಹಾಕಪ್ಪಾ ಅಂದೆ. ಅವ್ನು ಡಿ ಎ ಎಸ್ ಎಚ್ ಅಂತ ಅಕ್ಷರ ಅಕ್ಷರ ಟೈಪ್ ಮಾಡವ್ನೆ. ಸಿಗ್ತಾನೇ ಇಲ್ಲ ಅಂತಾನೆ.”

ನಕ್ಕೆವು. ನಗು ಹೆಚ್ಚು ದಿನ ಉಳಿಯಲಿಲ್ಲ. ಒಂದು ಬೆಳಿಗ್ಗೆ ಎಂದಿನಂತೆ ಸರ್ಚ್ ಮಾಡಿ ನೋಡಿದರೆ ಆ ಸೈಟು ಇಲ್ಲ. ಎರಡನೇ ಪುಟದಲ್ಲಿ ಇಲ್ಲ, ಐದನೆಯದರಲ್ಲಿ ಇಲ್ಲ. ಹೆಸರನ್ನೇ ಪೂರ್ತಿ ಕೊಟ್ಟರೂ ಇಲ್ಲ. ಹಿಂದಿನ ಸಂಜೆ ಬೀಗ ಹಾಕಿ ಹೋದ ಅಂಗಡಿ ಬೆಳಿಗ್ಗೆ ಬಂದು ನೋಡಿದರೆ ಬೀದಿಯಲ್ಲೇ ಇಲ್ಲದಂತೆ. ಮೂರ್ತಿ ಸಾರ್ ಮುಖ ಬಿಳುಚಿಕೊಂಡಿತು. ಅವರು ಹಾಗೇ ಕಂಪ್ಯೂಟರನ್ನು ಎರಡು ಸಲ ಆರಿಸಿ ಹಚ್ಚಿದರು, ಅದರಲ್ಲಿ ಏನೋ ಕೆಟ್ಟಿದೆ ಎಂಬಂತೆ.

ಕಾರಣ ಅಡ್ಡಗೆರೆಯಲ್ಲ. ಆ ಸೈಟಿನ ಪುಟಗಳ ತಳದಲ್ಲಿ ಬಿಳಿ ಹಿನ್ನೆಲೆಯ ಮೇಲೆ ಬಿಳಿ ಅಕ್ಷರಗಳಲ್ಲಿ ‘ರೇಷ್ಮೆ ಸೀರೆ, ಕಡಿಮೆ ಬೆಲೆ’ ಎಂದು ಸಾಲುಸಾಲಾಗಿ ತುಂಬಿಸಿದ್ದೆವು. ಓದುವವರ ಕಣ್ಣಿಗೆ ಕಾಣದು, ಯಂತ್ರಕ್ಕೆ ಕಾಣುತ್ತದೆ. ಆಗ ಎಲ್ಲರೂ ಮಾಡುತ್ತಿದ್ದ ಉಪಾಯ ಅದು. ಯಂತ್ರ ಬುದ್ಧಿ ಕಲಿತ ದಿನ ಅಂಥವರನ್ನೆಲ್ಲ ಗುಡಿಸಿ ಹಾಕಿತು. ಆದರೆ ಮೂರ್ತಿ ಸಾರ್ ತಲೆಯಲ್ಲಿ ಉಳಿದದ್ದು ಬೇರೆ. ಏಟು ಬಿದ್ದದ್ದು ಬಿಳಿ ಅಕ್ಷರಗಳಿಗೆ, ಅವರು ಬೈದದ್ದು ಅಡ್ಡಗೆರೆಗೆ. “ಇನ್ಮೇಲೆ ನಮ್ ಆಫೀಸಲ್ಲಿ ಯಾವ ಹೆಸ್ರಲ್ಲೂ ಆ ಗೆರೆ ಬೇಡಮ್ಮ, ಅದು ಶನಿ” ಎಂದರು. ನಮ್ಮ ಕೆಲಸದಲ್ಲಿ ಮೂಢನಂಬಿಕೆ ಹುಟ್ಟುವುದು ಹೀಗೆ. ಎರಡು ಸಂಗತಿ ಒಟ್ಟಿಗೆ ನಡೆಯುತ್ತವೆ, ಕಣ್ಣಿಗೆ ಕಾಣುವುದರ ಮೇಲೆ ತಪ್ಪು ಬೀಳುತ್ತದೆ.

ಆ ನಂಬಿಕೆ ಸುಳ್ಳು ಎನ್ನುವುದಕ್ಕೆ ನಮ್ಮ ಹತ್ತಿರವೇ ಸಾಕ್ಷಿ ಇತ್ತು. ದೇವನಹಳ್ಳಿ ಕಡೆ ಚಕ್ಕೋತ ಬೆಳೆಯುವ ಪಿಳ್ಳಪ್ಪನವರ ಸೈಟಿನ ಹೆಸರಿನಲ್ಲಿ ಎರಡು ಅಡ್ಡಗೆರೆಗಳು ಇದ್ದವು. ಸಾರ್ ಶಪಥ ಮಾಡುವುದಕ್ಕೆ ಮುಂಚೆಯೇ ಇಟ್ಟ ಹೆಸರು. ಪಿಳ್ಳಪ್ಪನವರು ತೋಟದಲ್ಲಿ ನಿಂತು ಫೋಟೋ ತೆಗೆದು ಕಳಿಸುತ್ತಿದ್ದರು. ಈ ಮರ ಹೂ ಬಿಟ್ಟಿದೆ, ಆ ಕಾಯಿಗೆ ಹುಳ ಬಿದ್ದಿದೆ, ಈ ಗೊಬ್ಬರ ಹಾಕಿದ್ದಕ್ಕೆ ಸಿಪ್ಪೆ ದಪ್ಪ ಆಯಿತು ಎಂದು ಹೇಳುತ್ತಿದ್ದರು. ನಾನು ಅದನ್ನೇ ಬರೆದು ಹಾಕುತ್ತಿದ್ದೆ. ಚಕ್ಕೋತ ಎಂದು ಯಾರು ಹುಡುಕಿದರೂ ಅವರ ಸೈಟು ಮೇಲೇ ಬರುತ್ತಿತ್ತು. ಅದಕ್ಕಿಂತ ಚಂದದ ಹೆಸರಿನ ಸೈಟುಗಳು ಕೆಳಗೆ ಬಿದ್ದಿರುತ್ತಿದ್ದವು. ಹೇಳಲು ಏನಾದರೂ ಇರುವವರನ್ನು ಅಡ್ಡಗೆರೆ ತಡೆಯುವುದಿಲ್ಲ ಎಂದು ನನಗೆ ಅಲ್ಲೇ ತಿಳಿಯಿತು. ಸಾರ್ ಮಾತ್ರ ಅದನ್ನು ಪಿಳ್ಳಪ್ಪನವರ ಅದೃಷ್ಟ ಎನ್ನುತ್ತಿದ್ದರು.

ಇನ್ನು ಆಶಾಳ ವಿಷಯಕ್ಕೆ ಬರುತ್ತೇನೆ.

ವಿಮಾನ ನಿಲ್ದಾಣ ಬಂದ ಮೇಲೆ ದೇವನಹಳ್ಳಿ ಸುತ್ತ ಹೊಲ ಕೊಟ್ಟವರಲ್ಲಿ ಎಷ್ಟೋ ಜನ ಕಾರು ಕೊಂಡರು. ಆಶಾಳ ಗಂಡನೂ ಹಾಗೇ ಒಂದು ಕಾರಿನಿಂದ ಶುರುಮಾಡಿ, ಹೆಂಡತಿಯ ಹೆಸರಿನಲ್ಲಿ ‘ಆಶಾ ವಾಹನ’ ಎಂದು ಬಾಡಿಗೆ ಗಾಡಿಗಳ ಆಫೀಸು ಇಟ್ಟಿದ್ದರು. ನಮ್ಮಲ್ಲಿ ಸೈಟು ಮಾಡಿಸಲು ಬಂದಾಗ ಅಡ್ಡಗೆರೆ ಇಲ್ಲದ ಹೆಸರು ಖಾಲಿ ಇರಲಿಲ್ಲ. ಎಲ್ಲೋ ಯಾರೋ ಅದನ್ನು ತೆಗೆದುಕೊಂಡು ಸುಮ್ಮನೆ ಇಟ್ಟುಕೊಂಡಿದ್ದರು. ಬೇರೆ ದಾರಿಯಿಲ್ಲದೆ ಮೂರ್ತಿ ಸಾರ್ ಗೊಣಗುತ್ತಲೇ ಎರಡು ಪದಗಳ ನಡುವೆ ಗೆರೆ ಹಾಕಿಸಿದರು. ಇಂಗ್ಲಿಷ್ ಅಕ್ಷರಗಳಲ್ಲಿ asha-vahana ಎಂದಾಯಿತು. ಕೆಲವು ವರ್ಷಗಳ ಮೇಲೆ ಆಶಾಳ ಗಂಡ ಹೃದಯಾಘಾತದಿಂದ ತೀರಿಕೊಂಡರು. ಎಲ್ಲರೂ ಗಾಡಿ ಮಾರಿಬಿಡು ಎಂದರು. ಅವಳು ಮಾರಲಿಲ್ಲ. ಮೈದುನ ಮಂಜುನಾಥನನ್ನು ಜೊತೆಗಿಟ್ಟುಕೊಂಡು ತಾನೇ ನಡೆಸಿದಳು. ಗಾಡಿಗಳು ಹೆಚ್ಚಿದವು, ಟಿಟಿ ಎನ್ನುವ ಒಂದು ಟೆಂಪೋ ಟ್ರಾವೆಲರ್ ಕೂಡ ಬಂತು. ನನಗಿಂತ ಹದಿನೈದು ವರ್ಷಕ್ಕಾದರೂ ಚಿಕ್ಕವಳು. ನನ್ನನ್ನು ಶಮೀಮಕ್ಕ ಎನ್ನುತ್ತಿದ್ದಳು.

ನಾನು ಕೆಲಸ ಬಿಡುವುದಕ್ಕೆ ಸ್ವಲ್ಪ ಮುಂಚೆ ಮೂರ್ತಿ ಸಾರ್ ಬೆಂಗಳೂರಿನಿಂದ ಕಾರ್ತಿಕ್ ಎಂಬ ಸಲಹೆಗಾರನನ್ನು ಕರೆಸಿದರು. ಚುರುಕು ಹುಡುಗ, ಕೆಟ್ಟವನೇನಲ್ಲ. ಆಶಾಳ ಸೈಟು ನೋಡಿದ ಕೂಡಲೇ “ಹೈಫನ್ ಇದ್ರೆ ಡೂಪ್ಲಿಕೇಟ್ ಸೈಟ್ ಥರ ಕಾಣತ್ತೆ, ಜನ ನಂಬಲ್ಲ, ರ‍್ಯಾಂಕ್ ಬರಲ್ಲ” ಎಂದ. ಅದೃಷ್ಟವೆಂಬಂತೆ ಅಷ್ಟು ಹೊತ್ತಿಗೆ ಅಡ್ಡಗೆರೆ ಇಲ್ಲದ ಹೆಸರನ್ನು ಅದನ್ನು ಇಟ್ಟುಕೊಂಡಿದ್ದವರು ಬಿಟ್ಟುಬಿಟ್ಟಿದ್ದರು. ಸಾರ್ ಹಿಗ್ಗಿಹೋದರು. ಶನಿ ಬಿಡುವ ಕಾಲ ಬಂತು ಎಂದರು. ಹೊಸ ಹೆಸರು ಕೊಂಡೆವು. ಹಳೆಯ ಹೆಸರಿಗೆ ಬಂದವರು ತಾವಾಗಿಯೇ ಹೊಸದಕ್ಕೆ ಹೋಗುವಂತೆ ದಾರಿ ಮಾಡಿದೆವು. ಹೆಸರು ಬದಲಾದ ಮೇಲೆ ಸೈಟು ಸ್ವಲ್ಪ ಕೆಳಗಿಳಿದು ಮತ್ತೆ ಎದ್ದಿತು. ಯಾವ ಸೈಟಾದರೂ ಹಾಗೇ. ಆಶಾ ಎಲ್ಲ ಗಾಡಿಗಳ ಹಿಂದಿನ ಗಾಜಿಗೂ ಹೊಸ ಹೆಸರಿನ ಸ್ಟಿಕ್ಕರ್ ಅಂಟಿಸಿದಳು. ದಪ್ಪ ಕೆಂಪು ಅಕ್ಷರ, ದೂರಕ್ಕೂ ಕಾಣುವಂಥದ್ದು. ಸಾರ್, ಆಶಾ, ನಾನು ಮೂವರೂ ಅದನ್ನು ನೋಡಿದೆವು. ಯಾರಿಗೂ ಏನೂ ಹೊಳೆಯಲಿಲ್ಲ. ನಮಗೆ ಗೊತ್ತಿದ್ದ ಹೆಸರಾದ್ದರಿಂದ ನಮ್ಮ ಕಣ್ಣು ಗೊತ್ತಿದ್ದನ್ನೇ ಓದಿತು.

ಕೆಲವು ದಿನ ಕಳೆದ ಮೇಲೆ ಆಶಾ ನನಗೆ ಫೋನ್ ಮಾಡಿದಳು. ಅವಳ ದನಿ ಸಣ್ಣಗಾಗಿತ್ತು. ಬೆಳಿಗ್ಗೆ ಬಂದ ಒಂದು ಕರೆಯನ್ನು ಹಾಗೇ ಒಪ್ಪಿಸಿದಳು. ಒಬ್ಬಾತ ಗಾಡಿ ಬೇಕು ಎಂದಿದ್ದ.

“ನಮ್ಮ ತಂದೆ ಹೋಗ್ಬಿಟ್ರು ಮೇಡಂ” ಎಂದನಂತೆ.

“ಎಲ್ಲಿಗೆ ಹೋದ್ರು ಸಾರ್? ನಿಮ್ದು ಡ್ರಾಪಾ, ಪಿಕಪ್ಪಾ?” ಎಂದು ಇವಳು ಕೇಳಿದ್ದಾಳೆ. ವಿಮಾನದ ಗಿರಾಕಿಗಳ ಜೊತೆ ದಿನವಿಡೀ ಆಡುವ ಮಾತು.

“ಆಸ್ಪತ್ರೆಯಿಂದ ಊರಿಗೆ” ಎಂದ.

“ಆಯ್ತು ಸಾರ್. ಎಷ್ಟು ಜನ ಇದೀರಿ? ಲಗೇಜ್ ಏನಿದೆ?”

ಫೋನಿನಲ್ಲಿ ಅಳು ಕೇಳಿಸಿತು. ಅಷ್ಟರಲ್ಲಿ ಇನ್ನಾರೋ ಫೋನ್ ಕಿತ್ತುಕೊಂಡು, “ಹೆಣದ ಮುಂದೆ ಇಂಥ ಮಾತಾಡ್ತೀರಲ್ಲಮ್ಮ, ನಿಮ್ಗೆ ಮನುಷ್ಯತ್ವ ಇಲ್ವಾ” ಎಂದು ಬೈದು ಇಟ್ಟುಬಿಟ್ಟರು.

“ಯಾಕಕ್ಕ ನಮ್ಗೆ ಫೋನ್ ಮಾಡಿದ್ರು?” ಆಶಾ ಕೇಳಿದಳು. ನಂಬರ್ ತಪ್ಪಿರಬೇಕು ಬಿಡು ಎಂದೆ. ಮಾರನೆಯ ದಿನ ಅಂಥದ್ದೇ ಇನ್ನೊಂದು ಕರೆ ಬಂತು. ಅದರ ಮರುದಿನ ಮತ್ತೊಂದು. ಒಬ್ಬಾಕೆ ತನ್ನ ಮಗುವಿನ ಬಗ್ಗೆ ಹೇಳಿದಳಂತೆ. ಆ ಮೇಲೆ ಆಶಾ ಊಟಕ್ಕೆ ಕೂತರೆ ಅನ್ನ ಸೇರಲಿಲ್ಲವಂತೆ. ಫೋನ್ ರಿಂಗಾದರೆ ಎತ್ತುವ ಮೊದಲು ನಂಬರನ್ನು ಎರಡು ಸಲ ನೋಡುತ್ತಿದ್ದಳು.

ಕಾರಣ ಗೊತ್ತಾದದ್ದು ಒಂದು ಮದುವೆಯ ದಿನ. ಸೈಟಿಗೆ ಹೊಸ ಫೋಟೋಗಳು ಬೇಕಿದ್ದವು. ಅದಕ್ಕೆ ನಾನು ದೇವನಹಳ್ಳಿಯಲ್ಲಿ ಆಶಾಳ ಆಫೀಸಿಗೆ ಹೋಗಿದ್ದೆ. ಬೆಳಿಗ್ಗೆ ಹೂವಿನಲ್ಲಿ ಸಿಂಗರಿಸಿ ವರನನ್ನು ಕರೆತರಲು ಕಳಿಸಿದ್ದ ಕಾರು ಅರ್ಧ ಗಂಟೆಯಲ್ಲಿ ಖಾಲಿಯಾಗಿ ಹಿಂದಿರುಗಿತು. ಹೂವು ಹಾಗೇ ಇತ್ತು. ಮಂಜುನಾಥ ಇಳಿದು ಬಂದವನು ನಮ್ಮ ಮುಖ ನೋಡಲಿಲ್ಲ.

“ಅತ್ಗೆ, ಗಂಡನ್ನ ಹತ್ತಿಸ್ಲಿಲ್ಲ ಅವ್ರು.”

“ಯಾಕೋ, ಏನಾಯ್ತು?”

“ಹುಡುಗನ ಸೋದರಮಾವ ಗಾಡಿ ಹಿಂದೆ ನಿಂತ್ಕಂಡು ಸ್ಟಿಕ್ಕರ್ ಓದಿದ್ರು. ಆ… ಶವ… ಹಣ. ಜೋರಾಗೇ ಓದಿದ್ರು. ಹೆಂಗಸ್ರೆಲ್ಲ ಬಾಯಿ ಮೇಲೆ ಕೈ ಇಟ್ಕಂಡ್ರು. ಇದೇನಪ್ಪಾ ಗಾಡಿ ಮೇಲೆ ಬರ್ಸಿದೀರಿ, ಹೆಣ ಸಾಗ್ಸೋ ಗಾಡೀನಾ ಅಂದ್ರು. ನಾನೇನ್ ಹೇಳ್ಲಿ?”

ನಾವಿಬ್ಬರೂ ಎದ್ದು ಹೊರಗೆ ಹೋದೆವು. ಕಾರಿನ ಹಿಂದಿನ ಗಾಜಿನ ಮೇಲೆ, ಸೇವಂತಿಗೆ ಸರಗಳ ನಡುವೆ ಕೆಂಪು ಅಕ್ಷರಗಳು: ashavahana. ಇಂಗ್ಲಿಷ್ ಅಕ್ಷರಕ್ಕೆ ನಮ್ಮ ದೀರ್ಘವೂ ಗೊತ್ತಿಲ್ಲ, ನ ಮತ್ತು ಣ ಬೇರೆ ಎಂಬುದೂ ಗೊತ್ತಿಲ್ಲ. ನಡುವೆ ಗೆರೆ ಇದ್ದಾಗ ಕಣ್ಣು ‘ಆಶಾ’ ಎಂದು ನಿಂತು ‘ವಾಹನ’ ಎಂದು ಮುಂದೆ ಹೋಗುತ್ತಿತ್ತು. ಗೆರೆ ಹೋದದ್ದೇ ಆ ಕಡೆಯ ‘ಶ’ ಈ ಕಡೆಯ ‘ವ’ವನ್ನು ಹಿಡಿದುಕೊಂಡಿತ್ತು. ಒಮ್ಮೆ ಕಂಡ ಮೇಲೆ ಅಲ್ಲಿ ಬೇರೇನೂ ಕಾಣಲಿಲ್ಲ. ಎಷ್ಟು ಸಲ ಕಣ್ಣು ಮುಚ್ಚಿ ತೆರೆದರೂ ಹೂವಿನ ನಡುವೆ ಶವ.

ಆಶಾ ಆಫೀಸಿನ ಮೆಟ್ಟಿಲ ಮೇಲೆ ಕೂತಳು. ಆಮೇಲೆ “ಅವ್ರು ಇಟ್ಟಿದ್ ಹೆಸ್ರು ಶಮೀಮಕ್ಕ” ಎಂದಳು.

ನನಗೆ ಇನ್ನೊಂದು ಅನುಮಾನ ಬಂತು. ಅವಳ ಫೋನು ತೆಗೆದುಕೊಂಡು ಸರ್ಚ್‌ನಲ್ಲಿ ಇಂಗ್ಲಿಷ್ ಅಕ್ಷರಗಳಲ್ಲೇ ‘ಶವ ವಾಹನ ದೇವನಹಳ್ಳಿ’ ಎಂದು ಹಾಕಿದೆ. ಎಲ್ಲಕ್ಕಿಂತ ಮೇಲೆ ನಮ್ಮ ಸೈಟು. ಸೂಟ್‌ಕೇಸ್ ಹಿಡಿದು ನಗುತ್ತ ನಿಂತ ಕುಟುಂಬದ ಚಿತ್ರ. ಅದರ ಕೆಳಗೆ ನಾನೇ ಬರೆದ ಸಾಲು: ‘ಬಾಗಿಲಿಂದ ಬಾಗಿಲಿಗೆ ನೆಮ್ಮದಿಯ ಪ್ರಯಾಣ.’ ಕಾಗುಣಿತ ತಪ್ಪಿದರೂ ಅರ್ಥ ಮಾಡಿಕೊಂಡು ಹತ್ತಿರದ ಹೆಸರನ್ನು ಹುಡುಕಿ ಕೊಡುವುದು ಆ ಯಂತ್ರದ ಗುಣ. ನಮ್ಮ ತಾಲೂಕಿನಲ್ಲಿ ಶವ ವಾಹನ ಇಟ್ಟವರಿಗೆ ಸೈಟು ಇರಲಿಲ್ಲ. ಹತ್ತಿರದ ಹೆಸರು ನಮ್ಮದೇ ಎಂದು ಅದಕ್ಕೆ ಅನ್ನಿಸಿರಬೇಕು. ಹುಡುಕಿದವರೆಲ್ಲ ನಮ್ಮನ್ನೇ ಒತ್ತಿ ಒತ್ತಿ ಅದರ ಅನುಮಾನವನ್ನೂ ಕಳೆದಿರಬೇಕು. ಇದು ನಮ್ಮ ಊಹೆ. ಒಳಗೆ ನಿಜವಾಗಿ ಏನು ನಡೆಯಿತೆಂದು ಹೊರಗಿನವರಿಗೆ ಯಾರಿಗೂ ಗೊತ್ತಾಗುವುದಿಲ್ಲ.

ಅದಕ್ಕಿಂತ ದೊಡ್ಡ ಆಘಾತ ನನಗೆ ನಮ್ಮ ಆಫೀಸಿನಲ್ಲೇ ಆಯಿತು. ಮಧ್ಯಾಹ್ನ ಆಶಾಳನ್ನು ಕರೆದುಕೊಂಡು ದೊಡ್ಡಬಳ್ಳಾಪುರಕ್ಕೆ ಹೋದೆ. ಮೂರ್ತಿ ಸಾರ್ ಕಾರ್ತಿಕ್‌ಗೆ ಫೋನ್ ಹಚ್ಚಿ ಎಲ್ಲರಿಗೂ ಕೇಳುವಂತೆ ಮೇಜಿನ ಮೇಲಿಟ್ಟರು.

“ಕರೆ ಜಾಸ್ತಿ ಬರ್ತಿದೆ ಅಂದ್ರೆ ಸೈಟ್ ಕೆಲ್ಸ ಮಾಡ್ತಿದೆ ಅಂತ ಮೇಡಂ” ಎಂದ ಕಾರ್ತಿಕ್. “ಸ್ಟಿಕ್ಕರ್ ಬೇಕಾದ್ರೆ ತೆಗೆದ್ಬಿಡಿ. ಹೆಸ್ರು ಮುಟ್ಬೇಡಿ. ಈಗ ಮತ್ತೆ ಹೈಫನ್ ಹಾಕಿದ್ರೆ ಮತ್ತೆ ಕೆಳಗೆ ಹೋಗತ್ತೆ.”

ಸಾರ್ ಗಡ್ಡ ಸವರಿಕೊಂಡರು. “ಸ್ವಲ್ಪ ತಡ್ಕೊಳಮ್ಮ ಆಶಾ. ಮೊದಲ್ನೇ ಜಾಗ ಸಿಗೋದು ಅಷ್ಟು ಸುಲಭ ಅಲ್ಲ.”

ಅಷ್ಟು ವರ್ಷ ಒಟ್ಟಿಗೆ ಕೆಲಸ ಮಾಡಿದ ಮನುಷ್ಯನ ಬಾಯಲ್ಲಿ ಆ ಮಾತು ಕೇಳಿ ನಾನು ದಂಗಾದೆ. ಅವರಿಗೆ ಕರುಣೆ ಇಲ್ಲ ಎಂದಲ್ಲ. ಮೊದಲ ಜಾಗ ಎಂಬ ಎರಡು ಪದಗಳು ಕಿವಿಗೆ ಬಿದ್ದರೆ ನಮ್ಮ ಕೆಲಸದವರಿಗೆ ಬೇರೇನೂ ಕೇಳಿಸುವುದಿಲ್ಲ. ಈ ಕೆಲಸಕ್ಕೆ ಬರುವವರು ಇದನ್ನು ನೆನಪಿಟ್ಟುಕೊಳ್ಳಿ.

ಆಶಾ ಎದ್ದು ನಿಂತಳು. “ಸಾರ್, ಸತ್ತೋರ ಮನೆಯವ್ರು ಫೋನ್ ಮಾಡ್ತಾವ್ರೆ. ನಾನು ಅವ್ರಿಗೆ ಲಗೇಜ್ ಎಷ್ಟು ಅಂತ ಕೇಳ್ತಾ ಇದೀನಿ. ನಂಗೆ ಆ ಜಾಗ ಬೇಡ. ಗೆರೆ ವಾಪಸ್ ಹಾಕಿ.”

ಅಂದೇ ಸಂಜೆ ನಾನು ಹಳೆಯ ಹೆಸರಿಗೆ ಸೈಟನ್ನು ಮರಳಿಸಿದೆ. ಆದರೆ ನಾವು ಬದಲಾಯಿಸಿದ್ದು ಸರ್ಚ್‌ನವರಿಗೆ ಕೂಡಲೇ ತಿಳಿಯುವುದಿಲ್ಲ. ದಿನಗಳು ಹಿಡಿಯುತ್ತವೆ, ಕೆಲವೊಮ್ಮೆ ವಾರಗಳು. ಅಲ್ಲಿಯವರೆಗೆ ಹುಡುಕಿದವರಿಗೆಲ್ಲ ನಾವೇ ಸಿಗುತ್ತಿದ್ದೆವು.

ಆ ನಡುವಿನ ದಿನಗಳಲ್ಲೇ ತಬಸ್ಸುಮ್ ಎಂಬ ಹುಡುಗಿಯ ಕರೆ ಬಂತು. ಸ್ಟಿಕ್ಕರ್ ಬದಲಿಸುವ ವಿಚಾರಕ್ಕೆ ನಾನು ಮತ್ತೆ ದೇವನಹಳ್ಳಿಗೆ ಹೋಗಿದ್ದೆ. ಮಧ್ಯಾಹ್ನದ ಹೊತ್ತು. ಫೋನ್ ಎತ್ತಿದ ಆಶಾ ಒಂದೆರಡು ಸಲ “ಏನು? ಏನಮ್ಮಾ?” ಎಂದು ಕೇಳಿ, ಅರ್ಥವಾಗದೆ ನನ್ನ ಕೈಗೆ ಕೊಟ್ಟಳು. “ನಿಮ್ ಭಾಷೆ ಅಕ್ಕ.”

ಒಬ್ಬ ಹುಡುಗಿಯ ದನಿ. “ಭಾಯ್ ಆಗಯೇ ಆಪಾ, ಗಾಡಿ ನೈ ಆಯಿ” ಎಂದಳು. ಅಣ್ಣ ಬಂದಿದ್ದಾನೆ ಅಕ್ಕ, ಗಾಡಿ ಬಂದಿಲ್ಲ.

ಅವಳನ್ನು ಸಮಾಧಾನಪಡಿಸಿ ಒಂದೊಂದೇ ಕೇಳಿದೆ. ಹೊಸಕೋಟೆಯವರು. ಅಣ್ಣ ಕೊಲ್ಲಿ ದೇಶದಲ್ಲಿ ಟ್ಯಾಂಕರ್ ಓಡಿಸುತ್ತಿದ್ದ, ಅಲ್ಲೇ ತೀರಿಕೊಂಡ. ಪೆಟ್ಟಿಗೆ ವಿಮಾನದಲ್ಲಿ ಬಂದು ಸರಕು ವಿಭಾಗದಲ್ಲಿ ಇಳಿದಿದೆ. ಕಾಗದಪತ್ರ ಎಲ್ಲ ಮುಗಿದು ಕೈಗೆ ಕೊಟ್ಟಿದ್ದಾರೆ. ಗೊತ್ತು ಮಾಡಿದ್ದ ಗಾಡಿ ದಾಬಸ್‌ಪೇಟೆ ಹತ್ತಿರ ಕೆಟ್ಟು ನಿಂತಿದೆ, ಚಾಲಕನ ಫೋನ್ ಆರಿದೆ. ಅವಳ ಜೊತೆ ಇರುವುದು ವಯಸ್ಸಾದ ತಂದೆ ಒಬ್ಬರೇ. ಉಳಿದವರೆಲ್ಲ ಸಂಜೆಯ ಅಸರ್ ನಮಾಜಿನ ಹೊತ್ತಿಗೆ ದಫನ್, ಮಣ್ಣು ಮಾಡುವುದು ಎಂದು ಊರಲ್ಲಿ ಕಾಯುತ್ತಿದ್ದಾರೆ.

ನಾನು ಆಶಾಳಿಗೆ ಎಲ್ಲವನ್ನೂ ಕನ್ನಡದಲ್ಲಿ ಹೇಳಿದೆ. ಇದು ನಮ್ಮ ಕೆಲಸವಲ್ಲ ಎಂದು ಆ ಹುಡುಗಿಗೆ ತಿಳಿಸಲು ಅವಳು ಹೇಳುತ್ತಾಳೆ ಎಂದುಕೊಂಡಿದ್ದೆ. ಅವಳು ಮಂಜುನಾಥನ ಕಡೆ ತಿರುಗಿದಳು.

“ಟಿಟಿ ಸೀಟ್ ಬಿಚ್ಚು.”

ಮಂಜುನಾಥ ನಂಬದವನಂತೆ ನೋಡಿದ. “ಅತ್ಗೆ, ನಾಳೆ ನಿಶ್ಚಿತಾರ್ಥಕ್ಕೆ ಬುಕ್ ಆಗಿರೋ ಗಾಡಿ ಅದು.”

“ನಾಳೆ ಬೇರೆಯವ್ರತ್ರ ಗಾಡಿ ಕೇಳಿ ಕಳ್ಸಣ. ಬಿಚ್ಚೋ.”

“ಯಾರ್ ಓಡ್ಸ್ತಾರೆ? ಹುಡುಗ್ರು ಯಾರೂ ಒಪ್ಪಲ್ಲ.”

ನಿಜವೇ. ಅಲ್ಲಿದ್ದ ಚಾಲಕರು ನೆಲ ನೋಡುತ್ತ ನಿಂತಿದ್ದರು. ಆ ಸ್ಟಿಕ್ಕರ್ ಓದಿದಂದಿನಿಂದ ಅವರು ಗಾಡಿ ತೆಗೆಯುವ ಮೊದಲು ಚಕ್ರಕ್ಕೆ ನಿಂಬೆಹಣ್ಣು ಇಡುತ್ತಿದ್ದರು. ಕೊನೆಗೆ ಎಲ್ಲರಿಗಿಂತ ಹಿರಿಯ ರಾಮಾಂಜಿ ಮುಂದೆ ಬಂದ. “ನಾನ್ ಬರ್ತೀನಿ ಅಕ್ಕ. ಆದ್ರೆ ಮೊದ್ಲು ಆ ಹೆಸ್ರು ಕಿತ್ತಾಕನ. ಅವ್ರ ಕಣ್ಣಿಗೆ ಅದು ಬೀಳೋದು ಬೇಡ” ಎಂದ. ಉಗುರಿನಲ್ಲಿ ಕೆರೆದು, ಒದ್ದೆ ಬಟ್ಟೆಯಲ್ಲಿ ಉಜ್ಜಿ ತೆಗೆದ. ಅಂಟಿನ ಗುರುತು ಉಳಿಯಿತು.

ಭಾಷೆಗೆಂದು ನಾನೂ ಹತ್ತಿದೆ. ಸರಕು ವಿಭಾಗದ ಗೇಟಿನ ಹೊರಗೆ ಲಾರಿಗಳ ಸಾಲು. ಹೂವಿನ ಪೆಟ್ಟಿಗೆ, ತರಕಾರಿ ಪೆಟ್ಟಿಗೆ, ಯಂತ್ರದ ಬಿಡಿಭಾಗ ಎಲ್ಲ ಹೋಗಿ ಬರುವ ಜಾಗ. ಅವುಗಳ ನಡುವೆ, ಬಿಸಿಲಿನಲ್ಲಿ, ಒಂದು ಉದ್ದನೆಯ ಮರದ ಪೆಟ್ಟಿಗೆ. ಅದರ ಮೇಲೆ ಕೈ ಇಟ್ಟುಕೊಂಡು ಒಬ್ಬ ಮುದುಕರು ನಿಂತಿದ್ದರು. ಪೆಟ್ಟಿಗೆಯ ಮೇಲೆ ಅಂಟಿಸಿದ್ದ ಚೀಟಿಯಲ್ಲಿ ಹೆಸರು ಮತ್ತು ತೂಕ ಬರೆದಿತ್ತು. ಮನುಷ್ಯನ ತೂಕವನ್ನು ಹಾಗೆ ಸರಕಿನಂತೆ ಬರೆದಿರುವುದನ್ನು ನಾನು ಹಿಂದೆ ನೋಡಿರಲಿಲ್ಲ. ನಾನು ಆ ಚೀಟಿಯನ್ನೇ ನೋಡುತ್ತ ನಿಂತೆ. ಆಶಾಳೇ ಹೋಗಿ ಮುದುಕರ ಎದುರು ಕೈಮುಗಿದು, ಪೆಟ್ಟಿಗೆಯ ಒಂದು ತುದಿಗೆ ಕೈ ಹಾಕಿದಳು. ರಾಮಾಂಜಿ ಮತ್ತು ಇಬ್ಬರು ಲಾರಿಯವರು ಸೇರಿದರು.

ಬೂದಿಗೆರೆ ರಸ್ತೆಯಲ್ಲಿ ಗಾಡಿ ಹೊರಟಿತು. ಮುದುಕರು ಪೆಟ್ಟಿಗೆಯ ಪಕ್ಕ ಕೆಳಗೇ ಕೂತರು. ತಬಸ್ಸುಮ್ ನನ್ನ ಪಕ್ಕ. ಮುಖವೆಲ್ಲ ಬಾತುಹೋಗಿತ್ತು. ಕಾಲೇಜು ಮುಗಿಸಿ ಯಾವುದೋ ಕಂಪನಿಯಲ್ಲಿ ಕೆಲಸಕ್ಕೆ ಇದ್ದವಳು. ಕೇಳಬಾರದಿತ್ತೇನೋ, ಆದರೂ ದುಡಿಮೆಯ ಅಭ್ಯಾಸ, ನಾನು ದಖನಿಯಲ್ಲೇ ಕೇಳಿಬಿಟ್ಟೆ. ನಮ್ಮನ್ನು ಹೇಗೆ ಹುಡುಕಿದೆ ಮಗಳೇ, ಆ ಹೆಸರು ನೋಡಿ ನಿನಗೆ ಏನನ್ನಿಸಿತು?

ಅವಳಿಗೆ ನನ್ನ ಪ್ರಶ್ನೆಯೇ ತಿಳಿಯಲಿಲ್ಲ. “ಯಾವ ಹೆಸ್ರು ಆಪಾ?” ಎಂದಳು. “ನಾನು ಹೆಸ್ರು ಓದ್ಲಿಲ್ಲ. ಕಣ್ಣು ಕಾಣ್ತಿರ್ಲಿಲ್ಲ. ಮೊದ್ಲು ಏನ್ ಬಂತೋ ಅದನ್ನ ಒತ್ತಿದೆ. ನೀವು ಫೋನ್ ಎತ್ತಿದ್ರಿ.”

ಅಷ್ಟೇ ಅವಳು ಹೇಳಿದ್ದು. ನಾನು ಕಿಟಕಿಯ ಆಚೆ ನೋಡುತ್ತ ಕೂತೆ. ಅಡ್ಡಗೆರೆ ಇರಬೇಕೋ ಬೇಡವೋ, ಪದ ಎಲ್ಲಿ ಒಡೆಯಬೇಕು, ಜನ ಹೇಗೆ ಓದುತ್ತಾರೆ ಎಂದು ಅಷ್ಟು ವರ್ಷ ನಾವು ಜಗಳವಾಡಿದ್ದೆವು. ಗಂಗಾಧರಪ್ಪನವರ ಸೀರೆಗೂ ಜಗಳ, ಕಾರಿಗೂ ಜಗಳ. ನಿಜವಾಗಿ ಕಷ್ಟದಲ್ಲಿರುವವರು ಓದುವುದೇ ಇಲ್ಲ. ಮೊದಲು ಬಂದದ್ದನ್ನು ಒತ್ತುತ್ತಾರೆ. ಮೊದಲ ಜಾಗವನ್ನು ಮಾರುತ್ತ ಬಂದ ನನಗೆ, ಅಲ್ಲಿ ನಿಂತವರನ್ನು ಯಾರು ಬಂದು ತಟ್ಟುತ್ತಾರೆ ಎಂಬ ಯೋಚನೆ ಒಂದು ದಿನವೂ ಬಂದಿರಲಿಲ್ಲ.

ಹೊಸಕೋಟೆ ಮುಟ್ಟಿದಾಗ ಜನ ಸೇರಿದ್ದರು. ಪೆಟ್ಟಿಗೆಯನ್ನು ಕೈಯಿಂದ ಕೈಗೆ ಇಳಿಸಿಕೊಂಡರು. ಆಶಾ ದೂರದಲ್ಲಿ ಗೋಡೆಯ ಪಕ್ಕ ತಲೆಯ ಮೇಲೆ ಸೆರಗು ಹೊದ್ದು ನಿಂತಳು. ನಮಾಜು ಮುಗಿದು ಎಲ್ಲರೂ ಹೊರಡುವಾಗ ಆ ಮುದುಕರು ಹಿಂದಿರುಗಿ ಅವಳ ಹತ್ತಿರ ಬಂದರು. ಅವಳ ತಲೆಯ ಮೇಲೆ ಕೈ ಇಟ್ಟು ಹರಕೆಯ ಮಾತಾಡಿ, ಆಮೇಲೆ ಕನ್ನಡದಲ್ಲಿ, “ನಿಮ್ ಗಾಡಿ ಹೆಸ್ರೇನಮ್ಮ? ನಾಳೆ ಇನ್ಯಾರಿಗಾದ್ರೂ ಬೇಕಾದ್ರೆ ಹೇಳ್ತೀನಿ” ಎಂದರು.

ಆಶಾ ಕೈಮುಗಿದಳು. “ಹೆಸ್ರು ಬೇಡ ಬಿಡಿ ಅಪ್ಪಾಜಿ” ಎಂದಳು.

ಹಿಂದಿರುಗುವಾಗ ಅವಳು ಖಾಲಿ ಗಾಡಿಯಲ್ಲಿ ನನ್ನ ಎದುರು ಕೂತು ಕೇಳಿದಳು. “ಶಮೀಮಕ್ಕ, ಆ ಗೆರೆ ಇಲ್ದಿರೋ ಹೆಸ್ರನ್ನ ನಾವು ಬಿಟ್ಬಿಟ್ರೆ ಬೇರೆಯವ್ರು ತಗೋಬೋದಾ?”

“ತಗೋಬೋದು. ಯಾರು ಬೇಕಾದ್ರೂ.”

“ಅವ್ರು ಫೋನ್ ಎತ್ತದೇ ಇದ್ರೆ?”

ಆಶಾಳ ಬಾಡಿಗೆ ಗಾಡಿಗಳ ಸೈಟು ಅಡ್ಡಗೆರೆಯ ಹೆಸರಿನಲ್ಲೇ ಈಗಲೂ ಇದೆ. ಎರಡು ಸಲ ಹೆಸರು ಬದಲಾದದ್ದಕ್ಕೆ ಎರಡು ಸಲ ಇಳಿಯಿತು, ಎರಡು ಸಲವೂ ಎದ್ದಿತು. ಹೊಸಬರು ಕೇಳುವ ಪ್ರಶ್ನೆಗೆ ನನ್ನ ಲೆಕ್ಕದಲ್ಲಿ ಉತ್ತರ ಅದು. ಇಳಿಸುವುದು ಬದಲಾವಣೆ, ಗೆರೆಯಲ್ಲ. ಹೆಸರು ಇಡುವ ಮೊದಲು ಅದನ್ನು ಬಿಡಿಸದೆ ಒಟ್ಟಿಗೆ ಬರೆದು, ಆ ವ್ಯವಹಾರ ಗೊತ್ತಿಲ್ಲದ ಯಾರಿಂದಲಾದರೂ ಜೋರಾಗಿ ಓದಿಸಿ. ಕನ್ನಡ ಬಲ್ಲವರಿಂದ ಒಮ್ಮೆ, ಉರ್ದು, ತೆಲುಗು ಬಲ್ಲವರು ಸಿಕ್ಕರೆ ಅವರಿಂದಲೂ ಒಮ್ಮೆ.

ಗೆರೆಯಿಲ್ಲದ ಹೆಸರನ್ನು ಆಶಾ ಬಿಡಲಿಲ್ಲ. ಅದಕ್ಕೆ ಒಂದೇ ಒಂದು ಪುಟ ಮಾಡಿಕೊಡಲು ಹೇಳಿದಳು. ನಾಲ್ಕು ತಾಲೂಕುಗಳಲ್ಲಿ ಶವ ವಾಹನ ಓಡಿಸುವವರ ನಂಬರುಗಳು, ಸರ್ಕಾರಿ ಆಸ್ಪತ್ರೆಯ ಗಾಡಿ, ಮಸೀದಿ ಕಮಿಟಿಯ ಗಾಡಿ, ಚರ್ಚಿನ ಗಾಡಿ. ಕನ್ನಡದಲ್ಲಿ ಮತ್ತು ಉರ್ದುವಿನಲ್ಲಿ, ಅಳುವ ಕಣ್ಣಿಗೂ ಕಾಣುವಷ್ಟು ದೊಡ್ಡ ಅಕ್ಷರ. ಅದರಲ್ಲಿ ಅವಳ ಹೆಸರಿಲ್ಲ, ನಮ್ಮ ಆಫೀಸಿನ ಹೆಸರೂ ಇಲ್ಲ. ಅಷ್ಟು ಜನ ಬರುವ ಪುಟದಲ್ಲಿ ಜಾಹೀರಾತು ಹಾಕೋಣ ಎಂದು ಕಾರ್ತಿಕ್ ಕೇಳಿದ. ಈ ಸಲ ಬೇಡ ಎಂದವರು ಮೂರ್ತಿ ಸಾರ್.

ನಾನು ಆ ಆಫೀಸಿನಲ್ಲಿ ಮಾಡಿದ ಕೊನೆಯ ಪುಟ ಅದು. ಅದನ್ನು ಮೇಲೆ ತರಲು ಯಾವ ಉಪಾಯವನ್ನೂ ಮಾಡಲಿಲ್ಲ. ಅದು ಮೊದಲ ಜಾಗದಿಂದ ಇಳಿಯಲೇ ಇಲ್ಲ. ಒಂದು ವಾರ ಕಳೆದು, ಎಷ್ಟು ಜನ ತೆರೆದಿದ್ದಾರೆಂದು ತೋರಿಸುವ ಪರದೆಯನ್ನು ನೋಡಿದೆ. ಸೀರೆಗಾಗಲಿ, ಚಕ್ಕೋತಕ್ಕಾಗಲಿ, ಕಾರಿಗಾಗಲಿ ಅಷ್ಟು ಜನ ಬಂದದ್ದನ್ನು ನಾನು ಕಂಡಿರಲಿಲ್ಲ. ನಮ್ಮ ಸುತ್ತಲಿನ ಊರುಗಳಲ್ಲಿ, ಅಷ್ಟೊಂದು ಮನೆಗಳಲ್ಲಿ, ಯಾರೋ ಫೋನ್ ಹಿಡಿದು ಹುಡುಕುತ್ತ ಕೂತಿದ್ದರು. ಆಮೇಲೆ ಭಯವಾಯಿತು. ಪುಟದ ಮೊದಲ ನಂಬರನ್ನು ನನ್ನ ಫೋನಿನಲ್ಲಿ ಒತ್ತಿ, ಎತ್ತುತ್ತಾರೋ ಇಲ್ಲವೋ ಎಂದು ಕಿವಿಗೊಟ್ಟೆ.

“ಹೇಳಿ” ಎಂದಿತು ಆ ಕಡೆಯ ದನಿ. “ಎಲ್ಲಿಗೆ ಬರ್ಬೇಕು?”